ಅಪ್ಪನ ರಿಪೋರ್ಟಿನಲ್ಲಿದ್ದ ಒಂದು ದಪ್ಪಕ್ಷರ

ಕಳೆದ ವರ್ಷದ ಯುಗಾದಿಗೆ ಅಪ್ಪ ಅಮ್ಮನಿಗೆ ಬಟ್ಟೆಯ ಬದಲು ಫುಲ್ ಬಾಡಿ ಚೆಕಪ್ ಕೊಡಿಸಿದೆ. ನಗಬೇಡಿ, ನಮ್ಮ ಆಫೀಸಿನಲ್ಲಿ ಅರ್ಧ ಜನ ಹೀಗೇ ಮಾಡೋದು. ಮೊಬೈಲ್ ಆ್ಯಪಿನಲ್ಲಿ ಇಬ್ಬರಿಗೂ ಸೇರಿಸಿ ಹಬ್ಬದ ರಿಯಾಯಿತಿ ಇತ್ತು. ತಿಪಟೂರಿನ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗ್ತಾರೆ ಅಂತ ಬೇರೆ ಹಾಕಿದ್ದರು. ‘ಐವತ್ತು ದಾಟಿದ ಗಂಡಸರಿಗೆ’ ಅನ್ನೋ ಪ್ಯಾಕೇಜಿನಲ್ಲಿ ಉದ್ದಕ್ಕೆ ಪಟ್ಟಿ. ಟೆಸ್ಟು ಹೆಚ್ಚಿದ್ದಷ್ಟೂ ಮಗನ ಪ್ರೀತಿ ಹೆಚ್ಚು ಅನ್ನೋ ಲೆಕ್ಕ ನನ್ನದು. ಪಟ್ಟಿಯನ್ನು ಪೂರ್ತಿ ಓದಲೂ ಇಲ್ಲ, ದುಡ್ಡು ಕಟ್ಟಿದೆ.

ರಿಪೋರ್ಟು ಮರುದಿನ ಬಂತು. ಅಪ್ಪನಿಗಲ್ಲ, ನನಗೆ. ಬುಕ್ ಮಾಡುವಾಗ ಕೊಟ್ಟಿದ್ದು ನನ್ನ ನಂಬರು. ಬೆಳಗಿನ ಟೀಮ್ ಮೀಟಿಂಗಿನಲ್ಲಿ ಕೂತು ಮೇಜಿನ ಕೆಳಗೆ ಪುಟ ಸರಿಸುತ್ತಿದ್ದೆ. ಸಕ್ಕರೆ ಪರವಾಗಿಲ್ಲ, ಕೊಲೆಸ್ಟ್ರಾಲ್ ಸ್ವಲ್ಪ ಜಾಸ್ತಿ, ಅದು ಗೊತ್ತಿದ್ದದ್ದೇ. ಒಂಬತ್ತನೇ ಪುಟದಲ್ಲಿ ‘ಪಿಎಸ್‌ಎ – 7.8’ ಅಂತ ದಪ್ಪಕ್ಷರದಲ್ಲಿತ್ತು, ಪಕ್ಕದಲ್ಲಿ ಕೆಂಪು ಬಣ್ಣದ ‘ಎಚ್’. ಇರಬೇಕಾದದ್ದು 0ಯಿಂದ 4. ಪಿಎಸ್‌ಎ ಅಂದರೇನು ಅಂತಲೇ ಗೊತ್ತಿರಲಿಲ್ಲ. ಗೂಗಲ್‌ನಲ್ಲಿ ಹಾಕಿದೆ. ಮೊದಲ ಸಾಲಿನಲ್ಲೇ ಕ್ಯಾನ್ಸರ್.

ನಮ್ಮ ದೊಡ್ಡಪ್ಪ ಹೋಗಿದ್ದು ಅದೇ ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ, ಆರು ವರ್ಷದ ಹಿಂದೆ. ಸೊಂಟ ನೋವು ಅಂತ ಒಂದು ವರ್ಷ ಎಣ್ಣೆ ತಿಕ್ಕಿಸಿಕೊಂಡು ಕೂತಿದ್ದರು. ವಯಸ್ಸಾಯ್ತು, ತೋಟದ ಕೆಲಸ ಬೇರೆ, ನೋಯದೆ ಇರುತ್ತಾ ಅಂತ ಎಲ್ಲರೂ ಅಂದೆವು. ಡಾಕ್ಟರ ಹತ್ತಿರ ಕರೆದೊಯ್ಯುವ ಹೊತ್ತಿಗೆ ಕಾಯಿಲೆ ಬೆನ್ನುಮೂಳೆಗೆ ಹತ್ತಿತ್ತು. ಆಗ ಅವರ ರಿಪೋರ್ಟಿನಲ್ಲೂ ಇದೇ ಮೂರಕ್ಷರ ಇತ್ತಂತೆ, ಮುಂದೆ ಮೂರಂಕಿ ಸಂಖ್ಯೆ. ಅವತ್ತು ನಾನು ಗಮನಿಸಿರಲಿಲ್ಲ.

ಹೀಗಾಗಿ 7.8 ನೋಡಿದ ನನಗೆ ಮೀಟಿಂಗಿನಲ್ಲಿ ಯಾರು ಏನು ಹೇಳಿದರು ಅನ್ನೋದು ಕಿವಿಗೆ ಬೀಳಲಿಲ್ಲ. ಸಂಜೆ ಅಪ್ಪ ಫೋನ್ ಮಾಡಿ, ‘ಎಲ್ಲಾ ಸರೀಗಿದ್ಯೇನೋ’ ಅಂದಾಗ, ‘ಇನ್ನೂ ಪೂರ್ತಿ ಬಂದಿಲ್ಲಪ್ಪ’ ಅಂತ ಸುಳ್ಳು ಹೇಳಿದೆ. ನಾಲ್ಕು ದಿನ ಅದೇ ಸುಳ್ಳು. ಆ ನಾಲ್ಕು ರಾತ್ರಿ ನಾನು ಓದಿದ್ದು ಇಂಜಿನಿಯರಿಂಗಿನ ಯಾವ ಪರೀಕ್ಷೆಗೂ ಓದಿರಲಿಲ್ಲ. ಪಿಯುಸಿಯಲ್ಲಿ ಬಯಾಲಜಿ ಬಿಟ್ಟು ಕಂಪ್ಯೂಟರ್ ಸೈನ್ಸ್ ತಗೊಂಡವನು ನಾನು. ಒಂದೊಂದು ಪದಕ್ಕೂ ಎಡವಿಕೊಂಡೇ ಓದಬೇಕಾಯಿತು.

ನನಗೆ ಸಿಕ್ಕ ಮೊದಲ ಆಶ್ಚರ್ಯ ಅಂದರೆ, ಪಿಎಸ್‌ಎ ಅನ್ನೋದು ಕ್ಯಾನ್ಸರ್ ಹುಟ್ಟಿಸಿದ ವಿಷವೇನೂ ಅಲ್ಲ. ಅದೊಂದು ಕಿಣ್ವ. ಪ್ರೋಟೀನನ್ನು ಕತ್ತರಿಸುವ ಕಿಣ್ವ. ನಾವು ತಿಂದ ಬೇಳೆ, ಮೊಟ್ಟೆಯನ್ನು ಕರುಳಿನಲ್ಲಿ ತುಂಡು ಮಾಡುವ ಟ್ರಿಪ್ಸಿನ್, ಕೈಮೋಟ್ರಿಪ್ಸಿನ್ ಇವೆಯಲ್ಲ, ಅದೇ ವಂಶದ್ದು. ಮಾಂಸ ಬೇಗ ಬೇಯಲಿ ಅಂತ ಹಸಿ ಪರಂಗಿಕಾಯಿ ಹಾಕ್ತಾರೆ ನೋಡಿ, ಅದರ ಹಾಲಿನಲ್ಲಿರುವುದೂ ಪ್ರೋಟೀನ್ ಕತ್ತರಿಸುವ ಕಿಣ್ವವೇ, ಕುಲ ಬೇರೆ ಅಷ್ಟೇ. ಪಿಎಸ್‌ಎ ಪ್ರತಿಯೊಬ್ಬ ಆರೋಗ್ಯವಂತ ಗಂಡಸಿನಲ್ಲೂ ದಿನವೂ ತಯಾರಾಗುತ್ತದೆ. ಮೂತ್ರಕೋಶದ ಕೆಳಗೆ, ಬೆಟ್ಟದ ನೆಲ್ಲಿಕಾಯಿ ಗಾತ್ರದ ಪ್ರಾಸ್ಟೇಟ್ ಗ್ರಂಥಿಯಲ್ಲಿ.

ಅದರ ಕೆಲಸವೇನು ಅಂತ ಬರೆಯೋಕೆ ಸ್ವಲ್ಪ ಸಂಕೋಚ, ಈ ಅಂಕಣ ನಮ್ಮಮ್ಮನೂ ಓದ್ತಾರೆ. ಆದರೂ ಬರೆಯಬೇಕು. ವೀರ್ಯ ಹೊರಬಂದ ಕೂಡಲೇ ಗಟ್ಟಿಯಾಗಿ ಹೆಪ್ಪುಗಟ್ಟಿದ ಹಾಗೆ ಇರುತ್ತದೆ. ಸೆಮಿನೋಜೆಲಿನ್ ಅನ್ನೋ ಪ್ರೋಟೀನುಗಳ ಬಲೆ ಅದು. ವೀರ್ಯಾಣುಗಳು ಅದರಲ್ಲಿ ಸಿಕ್ಕಿಕೊಂಡಿರುತ್ತವೆ. ಪಿಎಸ್‌ಎ ಆ ಬಲೆಯನ್ನು ಕತ್ತರಿಸುತ್ತದೆ, ಹತ್ತಿಪ್ಪತ್ತು ನಿಮಿಷದಲ್ಲಿ ಎಲ್ಲ ನೀರಾಗುತ್ತದೆ, ವೀರ್ಯಾಣುಗಳು ಈಜಿಕೊಂಡು ಹೋಗುತ್ತವೆ. ಸ್ವೀಡನ್ನಿನ ಹಾನ್ಸ್ ಲಿಲ್ಜಾ 1985ರಲ್ಲಿ ಇದನ್ನು ತೋರಿಸಿಕೊಟ್ಟರು. ಅಂದರೆ ನಾನು ಹುಟ್ಟಿದ್ದರಲ್ಲೂ ಈ ಕಿಣ್ವದ ಪಾತ್ರ ಉಂಟು. ಅದನ್ನೇ ನಾಲ್ಕು ದಿನದಿಂದ ಯಮದೂತನ ಥರ ನೋಡುತ್ತಿದ್ದೆ.

ಹೆಸರು ಇಟ್ಟವರದೂ ಸ್ವಲ್ಪ ತಪ್ಪಿದೆ ಅನ್ನಿ. ‘ಪ್ರಾಸ್ಟೇಟ್ ಸ್ಪೆಸಿಫಿಕ್ ಆಂಟಿಜೆನ್’ ಅನ್ನೋ ಹೆಸರಿನಲ್ಲಿ ಅದು ಮಾಡುವ ಕೆಲಸದ ಸುಳಿವೇ ಇಲ್ಲ. 1970ರಲ್ಲಿ ಅಮೆರಿಕದ ರಿಚರ್ಡ್ ಆಬ್ಲಿನ್ ಪ್ರಾಸ್ಟೇಟಿನಲ್ಲಿ ಇಂಥದ್ದೊಂದು ವಸ್ತು ಇದೆ ಅಂದರು. ಜಪಾನಿನಲ್ಲಿ ಅಪರಾಧ ತನಿಖೆಗೆ ವೀರ್ಯದ ಕಲೆ ಗುರುತಿಸಲು ಹೊರಟವರು ಅದಕ್ಕೆ ಇನ್ನೊಂದು ಹೆಸರಿಟ್ಟರು. 1979ರಲ್ಲಿ ಬಫಲೋ ಊರಿನ ರಾಸ್‌ವೆಲ್ ಪಾರ್ಕ್ ಸಂಸ್ಥೆಯ ಮಿಂಗ್ ಚು ಅವರ ತಂಡ ಪ್ರಾಸ್ಟೇಟಿನಿಂದ ಅದನ್ನು ಶುದ್ಧವಾಗಿ ಬೇರ್ಪಡಿಸಿತು. ಏನು ಕೆಲಸ ಮಾಡುತ್ತೆ ಅಂತ ತಿಳಿಯುವ ಮೊದಲೇ ಹೆಸರು ಅಂಟಿಕೊಂಡಿತ್ತು. ನಮ್ಮ ಕೋಡಿನಲ್ಲೂ ಹೀಗೇ, ಯಾರೋ ಯಾವಾಗಲೋ ಇಟ್ಟ ತಪ್ಪು ಹೆಸರು ಹತ್ತು ವರ್ಷ ಓಡುತ್ತದೆ. ಇನ್ನು ಆ ‘ಸ್ಪೆಸಿಫಿಕ್’ ಕೂಡ ಪೂರ್ತಿ ನಿಜವಲ್ಲ; ತೀರಾ ಸಣ್ಣ ಪ್ರಮಾಣದಲ್ಲಿ ತಾಯಿಯ ಎದೆಹಾಲಿನಲ್ಲೂ ಪಿಎಸ್‌ಎ ಸಿಕ್ಕಿದೆ.

ಸರಿ, ಒಳ್ಳೆಯದೇ ಆದರೆ ರಕ್ತದಲ್ಲಿ ಕಂಡಾಗ ಭಯ ಯಾಕೆ? ಯಾಕೆಂದರೆ ಅದು ಅಲ್ಲಿರಬೇಕಾದದ್ದಲ್ಲ. ವೀರ್ಯದಲ್ಲಿ ಅದರ ಪ್ರಮಾಣ ರಕ್ತದಲ್ಲಿರುವುದಕ್ಕಿಂತ ಸುಮಾರು ಹತ್ತು ಲಕ್ಷ ಪಟ್ಟು ಹೆಚ್ಚು. ರಿಪೋರ್ಟಿನಲ್ಲಿ ಬರೆದಿರುವ 4 ಅನ್ನೋದು ನ್ಯಾನೋಗ್ರಾಮಿನ ಲೆಕ್ಕ. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಒಂದು ನ್ಯಾನೋಗ್ರಾಂ. ಅಂಥ ನಾಲ್ಕು, ಒಂದು ಮಿಲಿಲೀಟರ್ ರಕ್ತದಲ್ಲಿ. ಗ್ರಂಥಿಯ ಒಳನಾಳಕ್ಕೂ ರಕ್ತಕ್ಕೂ ನಡುವೆ ಜೀವಕೋಶಗಳ ಸಾಲು, ತೆಳು ಪೊರೆ, ರಕ್ತನಾಳದ ಗೋಡೆ ಇವೆಲ್ಲ ಇವೆ. ಇವು ಗಟ್ಟಿ ಇರುವಷ್ಟು ದಿನ ಕಿಣ್ವ ನಾಳದಲ್ಲೇ ಹರಿಯುತ್ತದೆ. ಗೋಡೆ ಸಡಿಲವಾದರೆ ರಕ್ತಕ್ಕೆ ಜಿನುಗುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚು ತಲೆಗೆ ಹೊಕ್ಕಿದ್ದು ಈ ಸಂಗತಿ: ಕ್ಯಾನ್ಸರ್ ಆದ ಜೀವಕೋಶ ಪಿಎಸ್‌ಎಯನ್ನು ಹೆಚ್ಚು ತಯಾರಿಸುವುದಿಲ್ಲ. ಒಂದೊಂದು ಕೋಶದ ಲೆಕ್ಕ ಹಿಡಿದರೆ ಆರೋಗ್ಯವಾಗಿರುವ ಕೋಶಕ್ಕಿಂತ ಕಡಿಮೆಯೇ ತಯಾರಿಸುತ್ತದೆ. ರಕ್ತದಲ್ಲಿ ಸಂಖ್ಯೆ ಏರುವುದು ಗೋಡೆ ಒಡೆದದ್ದಕ್ಕೆ. ಹಾಗಾದರೆ ಗೋಡೆ ಒಡೆಯೋಕೆ ಕ್ಯಾನ್ಸರೇ ಆಗಬೇಕಾ? ಬೇಡ. ಸೋಂಕಾದರೂ ಒಡೆಯುತ್ತದೆ. ಮೂತ್ರ ಕಟ್ಟಿ ಪೈಪ್ ಹಾಕಿದ್ದರೂ ಏರುತ್ತದೆ. ವಯಸ್ಸಿಗೆ ಗ್ರಂಥಿ ದಪ್ಪವಾದರೆ ಜಿನುಗುವ ಜಾಗವೂ ಹೆಚ್ಚಾಗುತ್ತದೆ. ಪಿಎಸ್‌ಎ 4ರಿಂದ 10ರ ಒಳಗೆ ಇರುವವರಿಗೆ ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಸಿಗುವುದು ಸುಮಾರು ನಾಲ್ವರಲ್ಲಿ ಒಬ್ಬರಿಗೆ. ಅದರ ಇನ್ನೊಂದು ಮುಖವೂ ಇದೆ. 4ಕ್ಕಿಂತ ಕಡಿಮೆ ಇದ್ದ ಅಮೆರಿಕದ ಸುಮಾರು 3,000 ಗಂಡಸರಿಗೆ ಬಯಾಪ್ಸಿ ಮಾಡಿ ನೋಡಿದಾಗ ಶೇ 15ರಷ್ಟು ಮಂದಿಯಲ್ಲಿ ಕ್ಯಾನ್ಸರ್ ಇತ್ತು ಅಂತ 2004ರಲ್ಲಿ ಪ್ರಕಟವಾಯಿತು. ದಪ್ಪಕ್ಷರಕ್ಕೂ ಸಣ್ಣಕ್ಷರಕ್ಕೂ ನಡುವಿನ ಗೆರೆ ನಾನಂದುಕೊಂಡಷ್ಟು ಗಟ್ಟಿಯಾಗಿರಲಿಲ್ಲ.

ಐದನೇ ದಿನ ಶನಿವಾರ. ಬೆಳಗ್ಗೆ ರೈಲು ಹತ್ತಿ ಊರಿಗೆ ಹೋದೆ. ಊಟ ಆದ ಮೇಲೆ ಜಗಲಿಯಲ್ಲಿ ಅಪ್ಪನಿಗೆ ಹೇಳಿದೆ. ಅಪ್ಪ ಅಂಚೆ ಇಲಾಖೆಯಲ್ಲಿ ಮೂವತ್ತೆಂಟು ವರ್ಷ ಕೆಲಸ ಮಾಡಿದವರು, ಪರರ ಕಾಗದ ಓದಬಾರದು ಅನ್ನೋದು ಅವರಿಗೆ ರಕ್ತದಲ್ಲೇ ಬಂದದ್ದು. ಪೂರ್ತಿ ಕೇಳಿಸಿಕೊಂಡರು.

‘ಎಷ್ಟು ದಿನ ಆಯ್ತು ಇದು ನಿನಗೆ ಬಂದು?’

‘ಐದು ದಿನ.’

‘ನನ್ನ ರಕ್ತದ ವಿಚಾರ ನನಗಿಂತ ಮುಂಚೆ ನಿನಗೆ ಗೊತ್ತಾಯ್ತು. ಅದಿರಲಿ. ಇಂಥ ಟೆಸ್ಟ್ ಮಾಡಿಸ್ತಾ ಇದೀನಿ ಅಂತ ಒಂದು ಮಾತು ಕೇಳ್ಬೇಕಾಗಿತ್ತಲ್ವೇನೋ. ಅಣ್ಣ ಹೋಗಿದ್ದನ್ನ ಮರೆತಿದೀನಾ ನಾನು?’

ಬೈದಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಹೇಳಿದರು. ನಾನು ತಲೆ ಎತ್ತಲಿಲ್ಲ.

ಆಗ ಒಳಗಿನಿಂದ ಅಮ್ಮ, ‘ಎರಡು ತಿಂಗಳಿಂದ ರಾತ್ರಿ ಮೂರ್ನಾಲ್ಕು ಸಲ ಏಳ್ತಾರೆ, ಹಬ್ಬಕ್ಕೆ ಮುಂಚೆ ಉರಿ ಉರಿ ಅಂತ ಮೆಡಿಕಲ್ ಶಾಪಿನ ಹುಡುಗನ ಹತ್ರ ಮಾತ್ರೆ ತಗೊಂಡ್ರು, ನಿನಗೆ ಹೇಳ್ಬೇಡ ಅಂದ್ರು’ ಅಂದರು. ಅಪ್ಪ ಅಮ್ಮನ ಕಡೆ ನೋಡಿದ ನೋಟ ಈಗಲೂ ನೆನಪಿದೆ. ಗುಟ್ಟು ಮಾಡಿದ್ದು ನಾನೊಬ್ಬನೇ ಅಲ್ಲ ಅಂತ ನನಗೂ ಸ್ವಲ್ಪ ಸಮಾಧಾನ ಆಯ್ತು, ಸುಳ್ಳು ಯಾಕೆ ಹೇಳಲಿ.

ಬೆಂಗಳೂರಿನಲ್ಲಿ ಒಬ್ಬ ಯುರಾಲಜಿಸ್ಟ್ ಹತ್ತಿರ ಹೋದೆವು. ವಯಸ್ಸಾದ ಡಾಕ್ಟರು. ರಿಪೋರ್ಟನ್ನು ಒಂದು ಸಲ ನೋಡಿ ಪಕ್ಕಕ್ಕಿಟ್ಟು, ‘ಯಜಮಾನ್ರೆ, ಇದು ಕ್ಯಾನ್ಸರ್ ಟೆಸ್ಟ್ ಅಲ್ಲ, ಪ್ರಾಸ್ಟೇಟ್ ಟೆಸ್ಟ್. ಅಲ್ಲಿ ಏನೋ ಆಗಿದೆ ಅನ್ನುತ್ತೆ, ಏನಾಗಿದೆ ಅಂತ ಹೇಳಲ್ಲ. ಈಗ ನೀವು ಹೇಳಿ’ ಅಂದರು. ಉರಿ, ರಾತ್ರಿ ಏಳುವುದು, ಮಾತ್ರೆ ಎಲ್ಲ ಹೊರಬಂತು. ಇನ್ನು ಕೆಲವು ಪ್ರಶ್ನೆ ಕೇಳುವ ಮೊದಲು ನನ್ನನ್ನು ಹೊರಗೆ ಕೂರಿಸಿದರು. ರಕ್ತ ಕೊಡುವ ಎರಡು ದಿನದ ಒಳಗೆ ವೀರ್ಯಸ್ಖಲನ ಆಗಿದ್ದರೂ ಸಂಖ್ಯೆ ಏರಬಹುದಂತೆ, ಅದನ್ನು ಮಗನ ಎದುರು ಯಾವ ಅಪ್ಪ ಹೇಳ್ತಾರೆ? ಬೆರಳಿನಿಂದ ಗ್ರಂಥಿ ಪರೀಕ್ಷೆ ಮಾಡಿದರು, ಗಟ್ಟಿ ಗಂಟೇನೂ ಕೈಗೆ ಸಿಗಲಿಲ್ಲ. ಮೂತ್ರ ಪರೀಕ್ಷೆಯಲ್ಲಿ ಸೋಂಕು ಇನ್ನೂ ಇತ್ತು. ಮೆಡಿಕಲ್ ಶಾಪಿನ ಮಾತ್ರೆ ಅರ್ಧ ಕೆಲಸ ಮಾಡಿತ್ತು ಅಷ್ಟೇ.

ನಾನು ಬಾಯಿ ಹಾಕಿ, ಬಯಾಪ್ಸಿ ಯಾವತ್ತು ಮಾಡ್ತೀರಿ ಅಂದೆ. ಡಾಕ್ಟರು ನಕ್ಕರು. ‘ಸೋಂಕು ಇರೋವಾಗ ತೆಗೆದ ಪಿಎಸ್‌ಎ ನಂಬ್ಕೊಂಡು ಸೂಜಿ ಹಾಕೋದಾ? ಮೊದಲು ಸೋಂಕು ಹೋಗಲಿ. ಎಂಟು ವಾರ ಬಿಟ್ಟು ಮತ್ತೆ ನೋಡೋಣ.’

ನನ್ನ ಕೆಲಸದಲ್ಲೇ ಇದು ಗೊತ್ತಿರಬೇಕಿತ್ತು. ರಾತ್ರಿ ಎರಡು ಗಂಟೆಗೆ ಸರ್ವರ್ ಬಿಸಿಯಾಗಿದೆ ಅಂತ ಅಲಾರಂ ಬಂದರೆ ಮೊದಲು ನೋಡೋದು ಆ ಹೊತ್ತಿಗೆ ಬೇರೆ ಏನು ನಡೀತಿತ್ತು ಅಂತ. ಹೊಸಬರು ಮಾತ್ರ ಎದ್ದು ಎಲ್ಲ ರೀಸ್ಟಾರ್ಟ್ ಮಾಡ್ತಾರೆ. ಅಪ್ಪನ ವಿಷಯದಲ್ಲಿ ನಾನು ಹೊಸಬನೇ ಆಗಿದ್ದೆ.

ಎಂಟು ವಾರ ಉದ್ದ. ಆ ಹೊತ್ತಿನಲ್ಲಿ ಓದಿದ್ದು, ಈ ಕಿಣ್ವ ಗೋಡೆ ದಾಟಿ ಹೊರಬಿದ್ದ ಮೇಲೆ ಏನು ಮಾಡುತ್ತೆ ಅನ್ನೋದು. ರಕ್ತದಲ್ಲಿ ಅದಕ್ಕೆ ಹೆಚ್ಚು ಆಟ ಇಲ್ಲ. ಲಿವರಿನಲ್ಲಿ ತಯಾರಾಗುವ ಒಂದು ಪ್ರೋಟೀನ್ ಅದನ್ನು ಹಿಡಿದು ಬೇಡಿ ಹಾಕಿಬಿಡುತ್ತದೆ, ಕತ್ತರಿ ಕತ್ತರಿಸದ ಹಾಗೆ. ಬೇಡಿ ಬೀಳದೆ ಓಡಾಡುವ ಪಾಲಿಗೆ ‘ಫ್ರೀ ಪಿಎಸ್‌ಎ’ ಅಂತ ಹೆಸರು. ಆ ಪಾಲು ಹೆಚ್ಚಿದ್ದರೆ ಒಳ್ಳೆಯದು. ಮೊದಲು ತಲೆಕೆಳಗೆ ಅನ್ನಿಸ್ತು. ಸಾಮಾನ್ಯವಾಗಿ ದಪ್ಪವಾದ ಗ್ರಂಥಿಯಿಂದ ಬರುವ ಪಿಎಸ್‌ಎ ನಾಳದಲ್ಲೇ ತುಂಡಾಗಿ ಮೊಂಡಾಗಿರುತ್ತದೆ, ಮೊಂಡು ಕತ್ತರಿಗೆ ಬೇಡಿ ಕೂರುವುದಿಲ್ಲ. ಕ್ಯಾನ್ಸರಿನಿಂದ ಸೋರಿದ್ದು ಹರಿತವಾಗಿಯೇ ರಕ್ತಕ್ಕೆ ಬರುವುದರಿಂದ ಬೇಡಿಗೆ ಸಿಕ್ಕಿಬೀಳುತ್ತದೆ.

ಗಡ್ಡೆಯ ಒಳಗಿನ ಕತೆ ಬೇರೆ. ಬೇಡಿ ಹಾಕುವವರು ಅಲ್ಲಿ ಕಡಿಮೆ, ಕತ್ತರಿ ಸಿಕ್ಕಿದ್ದನ್ನು ಕತ್ತರಿಸುತ್ತದೆ. ಜೀವಕೋಶ ಬೆಳೆಯುವುದಕ್ಕೆ ಪ್ರಚೋದನೆ ಕೊಡುವ ವಸ್ತುವೊಂದನ್ನು ಇನ್ನೊಂದು ಪ್ರೋಟೀನ್ ಹಿಡಿದು ಕೂರಿಸಿರುತ್ತದೆ; ಪಿಎಸ್‌ಎ ಆ ಹಿಡಿತವನ್ನೇ ಕತ್ತರಿಸಿ ಬಿಡುಗಡೆ ಮಾಡಿಬಿಡುತ್ತದೆ. ಅದು ಗಡ್ಡೆಗೆ ಗೊಬ್ಬರ ಹಾಕಿದ ಹಾಗೆ. ಅದೇ ಪಿಎಸ್‌ಎ ಪ್ರಯೋಗಾಲಯದಲ್ಲಿ ಮತ್ತೊಂದು ಪ್ರೋಟೀನನ್ನು ಕತ್ತರಿಸಿದಾಗ ಬಂದ ಚೂರುಗಳು ಹೊಸ ರಕ್ತನಾಳ ಬೆಳೆಯದಂತೆ ತಡೆದವು. ಅದು ಗಡ್ಡೆಗೆ ನೀರು ನಿಲ್ಲಿಸಿದ ಹಾಗೆ. ಒಂದೇ ಕತ್ತರಿ, ಎರಡೂ ಕಡೆ. ಕತ್ತರಿಗೇನು ಗೊತ್ತು, ಹರಿತವಾಗಿರೋದೊಂದೇ ಅದಕ್ಕೆ ಬರೋದು.

ದೊಡ್ಡಪ್ಪನಿಗೆ ಮೂರು ತಿಂಗಳಿಗೊಂದು ಇಂಜೆಕ್ಷನ್ ಕೊಡುತ್ತಿದ್ದದ್ದು ಯಾಕೆ ಅಂತಲೂ ಆಗ ಅರ್ಥವಾಯಿತು. ಪಿಎಸ್‌ಎ ತಯಾರಿಸುವ ಜೀನಿಗೆ ಸ್ವಿಚ್ಚು ಗಂಡಸರ ಹಾರ್ಮೋನು. ಪ್ರಾಸ್ಟೇಟ್ ಕ್ಯಾನ್ಸರಿಗೆ ಊಟವೂ ಅದೇ. ಇಂಜೆಕ್ಷನ್ ಆ ಹಾರ್ಮೋನನ್ನು ನಿಲ್ಲಿಸುತ್ತಿತ್ತು. ಮೊದಲ ಇಂಜೆಕ್ಷನ್ ಆದ ಮೇಲೆ ಪಿಎಸ್‌ಎ ಸರ್ರನೆ ಇಳಿದಿದ್ದಕ್ಕೆ ದೊಡ್ಡಮ್ಮ ಹರಕೆ ತೀರಿಸಿದ್ದರು. ಒಂದೂವರೆ ವರ್ಷಕ್ಕೆ ಮತ್ತೆ ಏರಿತು. ಅಮೆರಿಕದಲ್ಲಿ ಈ ಟೆಸ್ಟಿಗೆ 1986ರಲ್ಲಿ ಮೊದಲು ಒಪ್ಪಿಗೆ ಸಿಕ್ಕಿದ್ದೇ ಹೀಗೆ ಕಾಯಿಲೆ ಇರುವವರ ಏರಿಳಿತ ನೋಡೋದಕ್ಕೆ. ಆ ಕೆಲಸಕ್ಕೆ ಇದನ್ನು ಮೀರಿಸಿದ್ದು ಕಡಿಮೆ. ಆರೋಗ್ಯವಾಗಿ ಓಡಾಡುವವರಲ್ಲಿ ಕಾಯಿಲೆ ಹುಡುಕೋದಕ್ಕೆ ಒಪ್ಪಿಗೆ ಬಂದಿದ್ದು 1994ರಲ್ಲಿ, ಗಲಾಟೆ ಶುರುವಾಗಿದ್ದೂ ಅಲ್ಲಿಂದ. ಆಬ್ಲಿನ್ ಅವರೇ 2010ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ, ಎಲ್ಲರಿಗೂ ಈ ಟೆಸ್ಟ್ ಮಾಡಿಸೋದು ತಪ್ಪು ಅಂತ ಕಟುವಾಗಿ ಬರೆದರು. ಯುರೋಪಿನ ದೊಡ್ಡ ಅಧ್ಯಯನವೊಂದರ 2009ರ ವರದಿಯ ಪ್ರಕಾರ ಒಂದು ಸಾವು ತಪ್ಪಿಸಲು 1,410 ಜನರಿಗೆ ಟೆಸ್ಟ್ ಮಾಡಬೇಕು, 48 ಮಂದಿಗೆ ಹೆಚ್ಚುವರಿಯಾಗಿ ಚಿಕಿತ್ಸೆ ಕೊಡಬೇಕು. ಆ ಚಿಕಿತ್ಸೆಯಿಂದ ಮೂತ್ರ ಹಿಡಿತ ತಪ್ಪಿದವರು, ದಾಂಪತ್ಯಕ್ಕೆ ತೊಂದರೆಯಾದವರು ಇದ್ದಾರೆ. ಬಹಳಷ್ಟು ಪ್ರಾಸ್ಟೇಟ್ ಕ್ಯಾನ್ಸರು ನಿಧಾನದ್ದು, ಕೆಲವಕ್ಕೆ ಏನೂ ಮಾಡದಿದ್ದರೂ ನಡೆಯುತ್ತದೆ.

ಹೀಗೆಲ್ಲ ಓದಿದಾಗ ಟೆಸ್ಟೇ ಬೇಡವಿತ್ತು ಅನ್ನಿಸೋದು. ದೊಡ್ಡಪ್ಪನ ಮುಖ ನೆನಪಾದರೆ, ಅವರಿಗೆ ಐದು ವರ್ಷ ಮೊದಲೇ ಯಾರಾದರೂ ಈ ಟೆಸ್ಟ್ ಮಾಡಿಸಿದ್ದರೆ ಅನ್ನಿಸೋದು. ಅಣ್ಣನಿಗೋ ಅಪ್ಪನಿಗೋ ಬಂದಿದ್ದರೆ ಉಳಿದವರಿಗೆ ಬರುವ ಸಾಧ್ಯತೆ ಸುಮಾರು ಎರಡು ಪಟ್ಟು. ಆ 1,410ರ ಸಾಲಿನಲ್ಲಿ ನಮ್ಮಪ್ಪ ಎಲ್ಲರ ಥರ ನಿಂತಿಲ್ಲ. ಈ ಎರಡು ಯೋಚನೆಯನ್ನೂ ಒಟ್ಟಿಗೆ ತಲೆಯಲ್ಲಿಟ್ಟುಕೊಳ್ಳೋದು ನನಗೆ ಇವತ್ತಿಗೂ ಸುಲಭವಾಗಿಲ್ಲ.

ಎಂಟು ವಾರ ಕಳೆದು ತೆಗೆದ ಪಿಎಸ್‌ಎ 5.2. ಇಳಿದಿತ್ತು, ಆದರೆ ನಾಲ್ಕರ ಒಳಗೆ ಬಂದಿರಲಿಲ್ಲ. ಫ್ರೀ ಪಿಎಸ್‌ಎ ಪಾಲು ಶೇ 21. ಶೇ 25 ದಾಟಿದ್ದರೆ ಧೈರ್ಯ, 10ಕ್ಕಿಂತ ಕೆಳಗಿದ್ದರೆ ಅನುಮಾನ ಅಂತಾರೆ. ಅಪ್ಪ ನಡುವೆ ನಿಂತರು. ಸ್ಕ್ಯಾನಿನಲ್ಲಿ ಗ್ರಂಥಿ 54 ಮಿಲಿಲೀಟರ್ ಗಾತ್ರ, ಸಾಮಾನ್ಯ ಗಾತ್ರಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಇಷ್ಟು ದೊಡ್ಡ ಗ್ರಂಥಿಗೆ ಇಷ್ಟು ಪಿಎಸ್‌ಎ ಹೆಚ್ಚೇನಲ್ಲ ಅಂದರು ಡಾಕ್ಟರು. ಬಳಿಕ ಎರಡು ದಾರಿ ಮುಂದಿಟ್ಟರು: ಈಗಲೇ ಬಯಾಪ್ಸಿ, ಇಲ್ಲವೇ ಮೊದಲು ಎಂಆರ್‌ಐ ಮಾಡಿ, ಅದರಲ್ಲಿ ಅನುಮಾನ ಬಂದರೆ ಮಾತ್ರ ಬಯಾಪ್ಸಿ.

ನನ್ನ ಮನಸ್ಸು ಬಯಾಪ್ಸಿ ಕಡೆಗಿತ್ತು. ಒಂದು ಸಲ ಗೊತ್ತಾಗಿಬಿಡಲಿ. ಬಾಯಿ ತೆಗೆಯೋದರೊಳಗೆ ಡಾಕ್ಟರು ನನ್ನ ಕಡೆ ತಿರುಗದೆ ಅಪ್ಪನನ್ನೇ, ‘ನೀವೇನಂತೀರಿ?’ ಅಂದರು. ಅಪ್ಪ ಸುಮಾರು ಹೊತ್ತು ಸುಮ್ಮನಿದ್ದು, ‘ಎಂಆರ್‌ಐ ಮಾಡಿ. ಸರಿಯಿದ್ರೆ ಕಾಯ್ತೀನಿ. ಆದ್ರೆ ಅಣ್ಣನ ಥರ ಮರೆತು ಕೂರಲ್ಲ, ನೀವು ಹೇಳಿದ ತಾರೀಕಿಗೆ ಬರ್ತೀನಿ’ ಅಂದರು. ಮೂರು ತಿಂಗಳಲ್ಲಿ ಅಪ್ಪನನ್ನು ಯಾರಾದರೂ ಕೇಳಿದ್ದು ಅದೇ ಮೊದಲು.

ಎಂಆರ್‌ಐಯಲ್ಲಿ ಐದರಲ್ಲಿ ಎರಡು ಅಂಕ ಬಂತು. ಈ ಪರೀಕ್ಷೆಯಲ್ಲಿ ಕಡಿಮೆ ಅಂಕವೇ ಒಳ್ಳೆಯದು. ಸದ್ಯಕ್ಕೆ ಬಯಾಪ್ಸಿ ಬೇಡ ಅಂತಾಯಿತು. ರಾತ್ರಿ ಏಳೋದಕ್ಕೆ ಒಂದು ಮಾತ್ರೆ ಬರೆದರು. ಗ್ರಂಥಿ ಕುಗ್ಗಿಸುವ ಇನ್ನೊಂದು ಬಗೆಯ ಮಾತ್ರೆ ಮುಂದೆ ಬೇಕಾಗಬಹುದು, ಫಿನಾಸ್ಟರೈಡ್ ಅಂತ, ಅದನ್ನು ಆರೇಳು ತಿಂಗಳು ತಗೊಂಡರೆ ಪಿಎಸ್‌ಎ ಅರ್ಧಕ್ಕೆ ಇಳಿಯುತ್ತೆ, ಯಾರು ರಕ್ತ ಪರೀಕ್ಷೆ ಮಾಡಿದರೂ ಮೊದಲೇ ಹೇಳಿಬಿಡಿ ಅಂತಲೂ ಎಚ್ಚರಿಸಿದರು. ನಿಮ್ಮ ಮನೆಯಲ್ಲಿ ಯಾರಾದರೂ ಅದನ್ನು ತಗೊಳ್ತಿದ್ದರೆ ಈ ಮಾತು ನೆನಪಿರಲಿ. ಇಳಿದ ಸಂಖ್ಯೆ ನೋಡಿ ನಿಶ್ಚಿಂತೆಯಿಂದ ಕೂರುವ ಅಪಾಯ ಇದೆ.

ಆರು ತಿಂಗಳ ನಂತರ 4.9 ಬಂತು. ಏರಿಲ್ಲ, ಅಷ್ಟೇ. ಅಪ್ಪ ಈಗ ರಾತ್ರಿ ಒಂದು ಸಲ ಏಳ್ತಾರೆ. ಎರಡು ಸಲ ಎದ್ದರೆ ಮರುದಿನ ತಾವಾಗಿಯೇ ಫೋನಿನಲ್ಲಿ ಹೇಳ್ತಾರೆ, ಅದೂ ನಾನು ಆಫೀಸಿನಲ್ಲಿ ನಾಲ್ಕು ಜನರ ನಡುವೆ ಇರುವಾಗ. ನಾನೂ ಸಂಕೋಚ ಬಿಟ್ಟು ಅಲ್ಲೇ ಉತ್ತರ ಕೊಡೋದು ಕಲಿತಿದ್ದೀನಿ.

ಮುಂದಿನ ಟೆಸ್ಟು ಬರುವ ತಿಂಗಳು. ಅಡುಗೆಮನೆ ಬಾಗಿಲ ಪಕ್ಕದ ಕ್ಯಾಲೆಂಡರಿನಲ್ಲಿ ಅಪ್ಪ ಆ ತಾರೀಕಿಗೆ ಕೆಂಪು ಇಂಕಿನಲ್ಲಿ ಗೆರೆ ಹಾಕಿದ್ದಾರೆ, ತೆಂಗಿನಕಾಯಿ ಕೀಳಿಸುವ ತಾರೀಕಿನ ಪಕ್ಕದಲ್ಲೇ. ಮೊನ್ನೆ ಫೋನ್ ಮಾಡಿದ್ದರು.

‘ಬುಕ್ ಮಾಡಿದ್ಯಾ?’

‘ಇವತ್ತು ಮಾಡ್ತೀನಪ್ಪ.’

‘ಮಾಡು. ನಂಬರ್ ಮಾತ್ರ ನಂದು ಹಾಕು.’